ಮಂಜಿಗೆ ಇಂಗ್ಲಿಷಿನಲ್ಲಿ ಯಾವ ಪದ? ಮಿಸ್ಟ್, ಫಾಗ್, ಹೇಜ್ ಮತ್ತು ಅವುಗಳ ಬಳಗ

ನನ್ನ ತಂಗಿಯ ಮನೆ ಮೂಡಿಗೆರೆಯ ಆಚೆ, ಕಾಫಿ ತೋಟದ ನಡುವೆ ಇದೆ. ಚಳಿಗಾಲದಲ್ಲೊಮ್ಮೆ ಅಲ್ಲಿಗೆ ಹೋಗಿದ್ದಾಗ, ಒಂಬತ್ತನೆಯ ತರಗತಿಯಲ್ಲಿದ್ದ ಅವಳ ಮಗಳು ತನ್ನೂರಿನ ಬೆಳಗಿನ ಬಗ್ಗೆ ಬರೆದ ಇಂಗ್ಲಿಷ್ ಪ್ರಬಂಧವನ್ನು ತಿದ್ದಿಕೊಡುವಂತೆ ನನ್ನ ಕೈಗಿತ್ತಳು. ಮೊದಲ ಸಾಲಿನಲ್ಲಿಯೇ ‘ಸ್ನೋ ಈಸ್ ಫಾಲಿಂಗ್’ ಎಂದಿತ್ತು. ಮಲೆನಾಡಿನಲ್ಲಿ ಹಿಮ ಬೀಳುವುದಿಲ್ಲವೆಂಬುದು ಅವಳಿಗೆ ಗೊತ್ತಿಲ್ಲದ ಸಂಗತಿಯಲ್ಲ. ಅವಳ ಮನಸ್ಸಿನಲ್ಲಿದ್ದ ವಾಕ್ಯ ‘ಮಂಜು ಬೀಳುತ್ತಿದೆ’ ಎಂಬುದು. ಅದನ್ನು ಇಂಗ್ಲಿಷಿಗೆ ದಾಟಿಸುವಾಗ ಕೈಗೆ ಮೊದಲು ಸಿಕ್ಕ ಪದ ಸ್ನೋ. ಮಡಿಕೇರಿಗೋ ಮುಳ್ಳಯ್ಯನಗಿರಿಗೋ ಹೋಗಿ ಬಂದವರು ಮೊಬೈಲಿನಲ್ಲಿ ಹಂಚಿಕೊಳ್ಳುವ ಚಿತ್ರಗಳ ಕೆಳಗೂ ‘ಫುಲ್ ಸ್ನೋ’ ಎಂಬ ಮಾತನ್ನು ನಾನು ಎಷ್ಟೋ ಸಲ ಓದಿದ್ದೇನೆ.

ಈ ತಪ್ಪಿನ ಬೇರು ಅಜ್ಞಾನದಲ್ಲಿಲ್ಲ, ಕನ್ನಡದ ಒಂದು ಪದದ ವಿಸ್ತಾರದಲ್ಲಿದೆ. ‘ಮಂಜು’ ಎಂಬ ಮಾತಿನೊಳಗೆ ನಾವು ಬೆಳಗಿನ ತೆಳುವಾದ ಮುಸುಕನ್ನೂ, ಘಾಟಿಯ ರಸ್ತೆಯನ್ನು ಕಾಣದಂತೆ ಮಾಡುವ ದಟ್ಟನೆಯ ಬಿಳಿಯನ್ನೂ, ಹುಲ್ಲಿನ ಮೇಲಿನ ಹನಿಯನ್ನೂ, ಹಿಮಾಲಯದ ಹಿಮವನ್ನೂ ಒಟ್ಟಿಗೆ ಇಟ್ಟುಕೊಂಡಿದ್ದೇವೆ. ನೀರು ಹೆಪ್ಪುಗಟ್ಟಿದರೂ ಅದನ್ನು ಮಂಜುಗಡ್ಡೆ ಎಂದೇ ಕರೆಯುತ್ತೇವೆ. ಇಬ್ಬನಿ, ಮಬ್ಬು, ಹಿಮ, ಕತ್ತಲೆಗೂ ಮಂಜಿಗೂ ಸಲ್ಲುವ ಹಳೆಯ ‘ಕಾವಳ’ ಮೊದಲಾದ ಪದಗಳು ನಮ್ಮಲ್ಲಿವೆಯಾದರೂ ದಿನದ ಮಾತಿನಲ್ಲಿ ಮಂಜೇ ಎಲ್ಲರ ಕೆಲಸವನ್ನೂ ಮಾಡುತ್ತದೆ. ಸಂಸ್ಕೃತದ ಅಮರಕೋಶವೂ ಅವಶ್ಯಾಯ, ನೀಹಾರ, ತುಷಾರ, ತುಹಿನ, ಹಿಮ, ಪ್ರಾಲೇಯ, ಮಿಹಿಕಾ ಎಂಬ ಪದಗಳನ್ನು ಒಂದೇ ಸಾಲಿನಲ್ಲಿ ಸಮಾನಾರ್ಥಕಗಳಾಗಿ ಹೇಳುತ್ತದೆ. ಅವುಗಳಲ್ಲಿ ಕೊನೆಯದಾದ ‘ಮಿಹಿಕಾ’, ನಮಗೆಲ್ಲ ಪರಿಚಿತವಾದ ‘ಮೇಘ’ ಮತ್ತು ಇಂಗ್ಲಿಷಿನ ‘ಮಿಸ್ಟ್’ ಇವು ಮೂರೂ ಒಂದೇ ಪ್ರಾಚೀನ ಇಂಡೋ-ಯುರೋಪಿಯನ್ ಧಾತುವಿನಿಂದ ಹುಟ್ಟಿದವು ಎಂಬುದು ನನಗೆ ಇಂದಿಗೂ ಸಂತೋಷ ಕೊಡುವ ಸಂಗತಿ.

ಇಂಗ್ಲಿಷ್ ಮಾತ್ರ ಈ ಒಂದು ರಾಶಿಯನ್ನು ಹಲವು ಪದಗಳಿಗೆ ಹಂಚಿದೆ. ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿನಲ್ಲಿ ಬರೆಯುವವರು, ಕನ್ನಡದ ಕತೆಗಳನ್ನು ಇಂಗ್ಲಿಷಿಗೆ ಅನುವಾದಿಸುವವರು, ಹೋಂಸ್ಟೇಯ ಬಗ್ಗೆ ನಾಲ್ಕು ಸಾಲಿನ ವಿವರಣೆ ಸಿದ್ಧಪಡಿಸುವವರು, ಹೀಗೆ ಎಲ್ಲರೂ ಇಲ್ಲಿ ತಡವರಿಸುತ್ತಾರೆ. ನಿಘಂಟನ್ನು ತೆರೆದರೆ ಮಿಸ್ಟ್, ಫಾಗ್, ಹೇಜ್ ಮೂರಕ್ಕೂ ‘ಮಂಜು’ ಎಂದೇ ಇರುವುದರಿಂದ ಅಲ್ಲಿ ಸಹಾಯ ಸಿಗುವುದು ಕಡಿಮೆ. ನನ್ನ ಅನುಭವದಲ್ಲಿ ಪದವನ್ನು ನಿರ್ಧರಿಸುವ ಪ್ರಶ್ನೆಗಳು ಮೂರೇ: ಎಷ್ಟು ದೂರ ಕಾಣುತ್ತಿದೆ, ಕಣ್ಣಿಗೆ ಅಡ್ಡವಾಗಿರುವುದು ನೀರೋ ಧೂಳೋ, ಮತ್ತು ನೋಡುತ್ತಿರುವವರು ಎಲ್ಲಿ ನಿಂತಿದ್ದಾರೆ.

ಮಿಸ್ಟ್ ಮತ್ತು ಫಾಗ್

ಹೆಚ್ಚಿನ ಗೊಂದಲ ಈ ಜೋಡಿಯಲ್ಲಿಯೇ ಇರುವುದರಿಂದ ಇದನ್ನು ನಿಧಾನವಾಗಿ ನೋಡಬೇಕು. ವಸ್ತುವಿನ ದೃಷ್ಟಿಯಿಂದ ಇವೆರಡೂ ಬೇರೆಯಲ್ಲ. ನೆಲಕ್ಕೆ ಹತ್ತಿರದ ಗಾಳಿ ತಣಿದು, ಅದರಲ್ಲಿರುವ ನೀರಾವಿ ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಾಗಿ ಗಾಳಿಯಲ್ಲಿಯೇ ತೇಲುತ್ತಾ ನಿಂತಾಗ ಎರಡೂ ಉಂಟಾಗುತ್ತವೆ. ಹವಾಮಾನ ಶಾಸ್ತ್ರವು ಅವುಗಳ ನಡುವೆ ಎಳೆದಿರುವ ಗೆರೆ ದೂರದ್ದು: 1000 ಮೀಟರಿಗಿಂತ ಕಡಿಮೆ ದೂರ ಕಂಡರೆ ಅದು ಫಾಗ್, 1000 ಮೀಟರ್ ಅಥವಾ ಅದಕ್ಕಿಂತ ಹೆಚ್ಚು ಕಂಡರೆ ಮಿಸ್ಟ್. ವಿಮಾನ ನಿಲ್ದಾಣಗಳ ಹವಾ ವರದಿಯಲ್ಲಿ ಮಿಸ್ಟ್ ಎಂಬ ಸಂಕೇತವನ್ನು 1000ದಿಂದ 5000 ಮೀಟರ್‌ವರೆಗಿನ ಗೋಚರತೆಗೆ ಬಳಸುತ್ತಾರೆ. ಆ ಸಂಕೇತ ‘ಬಿಆರ್’ ಎಂಬ ಎರಡು ಅಕ್ಷರ. ಅದು ಬಂದಿರುವುದು ಇಂಗ್ಲಿಷಿನಿಂದಲ್ಲ, ಮಂಜಿಗೆ ಫ್ರೆಂಚ್ ಭಾಷೆಯಲ್ಲಿರುವ ‘ಬ್ರೂಮ್’ ಎಂಬ ಪದದಿಂದ.

ಈ 1000 ಮೀಟರಿನ ಗೆರೆ ವರದಿಗಾರರಿಗೆ ಮತ್ತು ವಿಜ್ಞಾನದ ಬರಹಗಾರರಿಗೆ ಕಡ್ಡಾಯ. ಆದರೆ ಕತೆ, ಪ್ರವಾಸ ಕಥನ, ಪತ್ರ ಇವುಗಳನ್ನು ಬರೆಯುವವರು ಅದನ್ನು ಹಾಗೆಯೇ ಅನ್ವಯಿಸಿದರೆ ವಾಕ್ಯ ಕೆಡುತ್ತದೆ. ಇಂಗ್ಲಿಷ್ ಆಡುವವರು ದಿನನಿತ್ಯದಲ್ಲಿ ಸುಮಾರು 700 ಮೀಟರ್ ಕಾಣುವ ಬೆಳಗನ್ನು ಫಾಗ್ ಎನ್ನುವುದಿಲ್ಲ, ‘ಮಿಸ್ಟಿ ಮಾರ್ನಿಂಗ್’ ಎಂದೇ ಹೇಳುತ್ತಾರೆ. ಬ್ರಿಟನ್ನಿನ ರಸ್ತೆ ನಿಯಮಗಳ ಪುಸ್ತಿಕೆಯು, ಕಾಣುವ ದೂರ 100 ಮೀಟರಿಗಿಂತ ಕಡಿಮೆಯಾದಾಗ ವಾಹನದ ಹೆಡ್‌ಲೈಟನ್ನು ಹಚ್ಚಲೇಬೇಕು ಎನ್ನುತ್ತದೆ. ಸಾಮಾನ್ಯರ ಮನಸ್ಸಿನಲ್ಲಿರುವ ಫಾಗ್ ಹೆಚ್ಚುಕಡಿಮೆ ಅಲ್ಲಿಂದಲೇ ಶುರುವಾಗುತ್ತದೆಂದು ಹೇಳಬಹುದು. ಮುಂದಿನ ದಾರಿಗೆ ಮಂಜು ಅಡ್ಡಿಯಾಗುತ್ತಿದ್ದರೆ ಫಾಗ್ ಎಂದೂ, ನೋಟವನ್ನು ಮಸುಕಾಗಿಸಿದರೂ ದಾರಿಯನ್ನು ಬಿಟ್ಟುಕೊಟ್ಟಿದ್ದರೆ ಮಿಸ್ಟ್ ಎಂದೂ ಬರೆಯುವುದು ನಾನು ಪಾಲಿಸುವ ಕ್ರಮ. ಚಾರ್ಮಾಡಿ ಘಾಟಿಯ ತಿರುವಿನಲ್ಲಿ ಬಸ್ಸಿನ ಚಾಲಕ ಗಾಜಿಗೆ ಮುಖವಿಟ್ಟು ರಸ್ತೆಯ ಬಿಳಿ ಗೆರೆಯನ್ನು ಹುಡುಕುತ್ತಿದ್ದಾನೆಂದರೆ ಅಲ್ಲಿ ಫಾಗ್ ಇದೆ. ಅದೇ ಘಾಟಿಯ ಕೆಳಗೆ ಅಡಿಕೆ ತೋಟದ ಮೇಲೆ ಬಿಳಿಯ ಎಳೆಯೊಂದು ಹಾಸಿಕೊಂಡು, ಮರಗಳ ತುದಿ ಅದರಿಂದ ಮೇಲೆ ಕಾಣುತ್ತಿದ್ದರೆ ಅದು ಮಿಸ್ಟ್.

ದೂರವನ್ನು ಕಣ್ಣಳತೆಯಿಂದ ಹೇಳುವುದು ಕಷ್ಟವೆನ್ನುವವರಿಗೆ ನಮ್ಮ ಹೆದ್ದಾರಿಗಳ ಬದಿಯ ಕಲ್ಲುಗಳು ಒದಗುತ್ತವೆ. ಎರಡು ಕಿಲೋಮೀಟರ್ ಕಲ್ಲುಗಳ ನಡುವೆ 200 ಮೀಟರಿಗೊಂದರಂತೆ ಚಿಕ್ಕ ಕಲ್ಲುಗಳನ್ನು ನೆಡುವ ಪದ್ಧತಿಯಿದೆ. ಒಂದು ಚಿಕ್ಕ ಕಲ್ಲಿನ ಬಳಿ ನಿಂತಾಗ ಮುಂದಿನ ಕಲ್ಲಿನ ಹತ್ತಿರದ ಮರವೂ ಕಾಣದಿದ್ದರೆ, ಭಾರತೀಯ ಹವಾಮಾನ ಇಲಾಖೆ ‘ಡೆನ್ಸ್ ಫಾಗ್’ ಎಂದು ಕರೆಯುವ ಮಟ್ಟ ತಲುಪಿದೆಯೆಂದು ತಿಳಿಯಬಹುದು. ಇಲಾಖೆಯ ಲೆಕ್ಕದಲ್ಲಿ 500ರಿಂದ 1000 ಮೀಟರ್ ಕಂಡರೆ ‘ಶ್ಯಾಲೋ’, 200ರಿಂದ 500 ಕಂಡರೆ ‘ಮಾಡರೇಟ್’, 50ರಿಂದ 200 ಕಂಡರೆ ‘ಡೆನ್ಸ್’, 50 ಮೀಟರಿಗಿಂತ ಕಡಿಮೆಯಾದರೆ ‘ವೆರಿ ಡೆನ್ಸ್’. ಇಲ್ಲಿ ‘ಶ್ಯಾಲೋ’ ಎಂಬ ಪದದ ಬಗ್ಗೆ ಎಚ್ಚರ ಬೇಕು. ನಮ್ಮ ಇಲಾಖೆಯ ಮುನ್ಸೂಚನೆಯಲ್ಲಿ ಅದರ ಅರ್ಥ ‘ತೆಳು’. ವಿಮಾನಯಾನದ ವರದಿಯಲ್ಲಿ ಅದೇ ಪದ, ನೆಲದಿಂದ 2 ಮೀಟರಿಗಿಂತ ಮೇಲೇರದ, ಆಳು ನಿಂತರೆ ಎದೆಯವರೆಗೋ ತಲೆಯವರೆಗೋ ಬರುವ ಮಂಜಿಗೆ ಮೀಸಲು. ಸುದ್ದಿಯನ್ನು ಅನುವಾದಿಸುವವರು ಯಾವ ವರದಿಯಿಂದ ಆ ಪದ ಬಂದಿದೆಯೆಂಬುದನ್ನು ನೋಡಿಯೇ ಕನ್ನಡದ ಮಾತನ್ನು ಆರಿಸಬೇಕು.

ಪದದ ಭಾವವೂ ದೂರದಷ್ಟೇ ಮುಖ್ಯ. ಇಂಗ್ಲಿಷಿನಲ್ಲಿ ಮಿಸ್ಟ್ ಮೃದುವಾದ ಪದ. ಕಣ್ಣು ತುಂಬಿ ಬಂದರೆ ‘ಮಿಸ್ಟಿ-ಐಡ್’ ಎನ್ನುತ್ತಾರೆ. ನೆನಪಿಗೆಟುಕದಷ್ಟು ಹಿಂದಿನ ಕಾಲವನ್ನು ‘ಮಿಸ್ಟ್ಸ್ ಆಫ್ ಟೈಮ್’ ಎನ್ನುತ್ತಾರೆ. ಫಾಗ್ ಹಾಗಲ್ಲ, ಅದು ತೊಂದರೆ ಕೊಡುವ ಪದ. ಬುದ್ಧಿ ಮಂಕಾದುದನ್ನು ‘ಬ್ರೇನ್ ಫಾಗ್’ ಎಂದೂ, ಯುದ್ಧದಲ್ಲಿ ಯಾವುದೂ ಸ್ಪಷ್ಟವಾಗದ ಸ್ಥಿತಿಯನ್ನು ‘ಫಾಗ್ ಆಫ್ ವಾರ್’ ಎಂದೂ ಹೇಳುವುದು ಇದೇ ಕಾರಣಕ್ಕೆ. ನನಗೆ ಏನೇನೂ ತಿಳಿಯದು ಎನ್ನಲು ‘ಐ ಹ್ಯಾವಂಟ್ ದ ಫಾಗಿಯೆಸ್ಟ್’ ಎಂಬ ನುಡಿಗಟ್ಟಿದೆ. ಅಲ್ಲಿ ‘ಮಿಸ್ಟಿಯೆಸ್ಟ್’ ಎಂದು ಹಾಕಿದರೆ ಯಾರಿಗೂ ಅರ್ಥವಾಗದು. ಆದ್ದರಿಂದ ಕಾದಂಬರಿಯೊಂದರಲ್ಲಿ ನಾಯಕಿ ಮುಂಜಾನೆ ಬಾಗಿಲು ತೆರೆದು ಮಂಜನ್ನು ಕಂಡು ಹಿಗ್ಗಿದಳೆಂದಿದ್ದರೆ, ಅಲ್ಲಿ ಹತ್ತು ಮಾರು ದೂರವೂ ಕಾಣುತ್ತಿರಲಿಲ್ಲವೆಂದು ಲೇಖಕರು ಹೇಳಿದ್ದರೂ, ನಾನು ಮಿಸ್ಟ್ ಎಂದೇ ಬರೆಯುತ್ತೇನೆ. ಅಳತೆಯನ್ನು ಸ್ವಲ್ಪ ಬಿಟ್ಟರೂ ಆ ಗಳಿಗೆಯ ಮನಸ್ಸನ್ನು ಬಿಡಬಾರದೆಂಬುದು ನನ್ನ ನಿಲುವು.

ಕನ್ನಡಕಕ್ಕೂ ಕಾರಿನ ಗಾಜಿಗೂ ಕವಿಯುವ ಮಂಜಿನಲ್ಲಿ ಆಯ್ಕೆ ದೇಶವನ್ನು ಅವಲಂಬಿಸಿದೆ. ಬ್ರಿಟನ್ನಿನವರು ಗಾಜು ‘ಮಿಸ್ಟ್ ಅಪ್’ ಅಥವಾ ‘ಸ್ಟೀಮ್ ಅಪ್’ ಆಯಿತೆನ್ನುತ್ತಾರೆ, ಅಮೆರಿಕದವರು ‘ಫಾಗ್ ಅಪ್’ ಎನ್ನುತ್ತಾರೆ. ಕಾರಿನಲ್ಲಿ ಅದನ್ನು ತೆಗೆಯುವ ಸಾಧನ ಬ್ರಿಟನ್ನಿನಲ್ಲಿ ‘ಡಿಮಿಸ್ಟರ್’, ಅಮೆರಿಕದಲ್ಲಿ ‘ಡಿಫಾಗರ್’. ಯಾವ ಓದುಗರಿಗಾಗಿ ಬರೆಯುತ್ತಿದ್ದೀರೆಂಬುದರ ಮೇಲೆ ಒಂದನ್ನು ಹಿಡಿದು ಕೊನೆಯವರೆಗೂ ಅದನ್ನೇ ಬಳಸಿದರೆ ಸಾಕು.

ಇನ್ನೊಂದು ಕಡೆ ಈ ಎರಡು ಪದಗಳ ಸ್ಥಾನ ಅದಲುಬದಲಾಗಿರುವಂತೆ ಕಾಣುತ್ತದೆ. ಸೊಳ್ಳೆ ನಿಯಂತ್ರಣಕ್ಕೆ ಬೀದಿಗಳಲ್ಲಿ ಹೊಗೆಯಂತೆ ಬಿಡುವುದನ್ನು ನಾವು ಕನ್ನಡದಲ್ಲಿಯೂ ‘ಫಾಗಿಂಗ್’ ಎನ್ನುತ್ತೇವೆ. ನರ್ಸರಿಯವರು ಕಸಿ ಗಿಡಗಳನ್ನು, ಕಡ್ಡಿ ನೆಟ್ಟ ಸಸಿಗಳನ್ನು ಇಡುವ ತೇವದ ಕೋಣೆಯನ್ನು ‘ಮಿಸ್ಟ್ ಚೇಂಬರ್’ ಎನ್ನುತ್ತಾರೆ. ಸಿಂಪಡಣೆಯ ತಂತ್ರದಲ್ಲಿ 50 ಮೈಕ್ರಾನಿಗಿಂತ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಸಣ್ಣ ಹನಿಗಳಿದ್ದರೆ ಫಾಗ್, 50ರಿಂದ 100 ಮೈಕ್ರಾನ್ ಗಾತ್ರದವಿದ್ದರೆ ಮಿಸ್ಟ್. ಅಂದರೆ ಇಲ್ಲಿ ಎಣಿಕೆಗೆ ಬರುವುದು ಕಾಣುವ ದೂರವಲ್ಲ, ಹನಿಯ ಗಾತ್ರ. ಕೃಷಿ ಉಪಕರಣಗಳ ಕೈಪಿಡಿಯನ್ನು ಅನುವಾದಿಸುವವರು ಈ ಪದಗಳನ್ನು ಹವಾಮಾನದ ಅರ್ಥದಲ್ಲಿ ಹಿಡಿಯಬಾರದು.

ಹೇಜ್, ಸ್ಮಾಗ್: ನೀರಿಲ್ಲದ ಮಬ್ಬು

ಎರಡನೆಯ ಪ್ರಶ್ನೆಗೆ ಬರೋಣ. ಗಾಳಿಯಲ್ಲಿರುವುದು ನೀರಿನ ಹನಿಯಲ್ಲದೆ ಧೂಳು, ಹೊಗೆ, ಉಪ್ಪಿನ ಕಣಗಳಾಗಿದ್ದರೆ ಇಂಗ್ಲಿಷಿನ ಪದ ‘ಹೇಜ್’. ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ ಮಧ್ಯಾಹ್ನದ ಹೊತ್ತು ಬೆಟ್ಟದ ಮೇಲೆ ನಿಂತು ನೋಡಿದರೆ, ಸಾಲುಸಾಲಾದ ಗುಡ್ಡಗಳು ದೂರ ಹೋದಂತೆಲ್ಲ ನೀಲಿಯಾಗಿ, ಕೊನೆಯ ಸಾಲು ಆಕಾಶದಲ್ಲಿ ಬೆರೆತುಹೋದಂತೆ ಕಾಣುತ್ತದಲ್ಲ, ಅದನ್ನು ಮಿಸ್ಟ್ ಎಂದು ಬರೆಯುವುದು ತಪ್ಪು. ಆಗ ಗಾಳಿ ಒಣಗಿರುತ್ತದೆ. ಮುಖಕ್ಕೆ ತಂಪಿನ ಸ್ಪರ್ಶವಿರುವುದಿಲ್ಲ. ಹೇಜ್ ಕಪ್ಪು ಹಿನ್ನೆಲೆಯ ಮೇಲೆ ನೀಲಿಯಾಗಿಯೂ, ಬೆಳಕಿನ ಎದುರು ಹಳದಿ ಅಥವಾ ಕಂದಾಗಿಯೂ ತೋರುತ್ತದೆ. ಮಿಸ್ಟಿನ ಬಣ್ಣ ಬಿಳಿ ಅಥವಾ ಬೂದು. ಬ್ರಿಟನ್ನಿನ ಹವಾಮಾನ ವೀಕ್ಷಕರು ಗಾಳಿಯ ಸಾಪೇಕ್ಷ ತೇವಾಂಶ ಸುಮಾರು ಶೇಕಡಾ 95 ದಾಟಿದ್ದರೆ ಮಿಸ್ಟ್, ಅದಕ್ಕಿಂತ ಕೆಳಗಿದ್ದರೆ ಹೇಜ್ ಎಂದು ಬೇರ್ಪಡಿಸುತ್ತಾರೆ. ಬರೆಯುವವರಿಗೆ ಉಪಕರಣದ ಅಗತ್ಯವಿಲ್ಲ. ಒಣಹಾಕಿದ ಬಟ್ಟೆ ಇನ್ನಷ್ಟು ತೇವವಾಗುತ್ತಿದ್ದರೆ ಮಿಸ್ಟ್, ಒಣಗುತ್ತಿದ್ದರೆ ಹೇಜ್ ಎಂದು ತಿಳಿದುಕೊಂಡರೆ ಬಹುಪಾಲು ಸಂದರ್ಭಗಳಲ್ಲಿ ದಾರಿ ತಪ್ಪದು.

ಸಿಂಗಪುರ, ಮಲೇಷ್ಯಾಗಳಲ್ಲಿರುವ ಕನ್ನಡಿಗರು ಈ ಪದವನ್ನು ಬೇರೆಯೇ ಭಾರದಿಂದ ಬಳಸುತ್ತಾರೆ. ಅಲ್ಲಿ ‘ದ ಹೇಜ್’ ಎಂದರೆ ಇಂಡೋನೇಷ್ಯಾದ ಕಾಡು ಮತ್ತು ಅರೆಕೊಳೆತ ಸಸ್ಯಗಳಿಂದಾದ ಪೀಟ್ ನೆಲಗಳಿಗೆ ಬಿದ್ದ ಬೆಂಕಿಯಿಂದ ಗಡಿ ದಾಟಿ ಬರುವ ಹೊಗೆ. 1997ರಲ್ಲಿಯೂ 2015ರಲ್ಲಿಯೂ ಅದು ತೀವ್ರವಾಗಿತ್ತು. 2002ರಲ್ಲಿ ಆಗ್ನೇಯ ಏಷ್ಯಾದ ಕೂಟವಾದ ಆಸಿಯಾನ್‌ನ ದೇಶಗಳು ಮಾಡಿಕೊಂಡ ಒಪ್ಪಂದದ ಹೆಸರಿನಲ್ಲಿಯೇ ಹೇಜ್ ಎಂಬ ಪದವಿದೆ. ಅಲ್ಲಿಂದ ಬಂದ ಪತ್ರದಲ್ಲಿ ಆ ಪದವಿದ್ದರೆ ಅದನ್ನು ಕನ್ನಡದಲ್ಲಿ ‘ಮಂಜು’ ಎಂದು ಬರೆಯುವುದು ಓದುಗರಿಗೆ ಮಾಡುವ ಅನ್ಯಾಯ. ‘ಹೊಗೆಮಬ್ಬು’ ಎನ್ನುವುದು ಸರಿ. ಇನ್ನು ‘ಹೀಟ್ ಹೇಜ್’ ಎಂಬುದರಲ್ಲಿ ಮಬ್ಬೇ ಇಲ್ಲ. ಬೇಸಿಗೆಯಲ್ಲಿ ಕಾದ ಡಾಂಬರು ರಸ್ತೆಯ ಮೇಲೆ ಗಾಳಿ ಅಲುಗಾಡಿದಂತೆ ಕಾಣುವ ಬಿಸಿಲಿನ ಅಲೆಯೇ ಅದು.

‘ಸ್ಮಾಗ್’ ಎಂಬ ಪದವು ಸ್ಮೋಕ್ ಮತ್ತು ಫಾಗ್ ಎಂಬ ಎರಡನ್ನು ಕೂಡಿಸಿ ಮಾಡಿದ್ದು. ಅದನ್ನು 1905ರಲ್ಲಿ ಲಂಡನ್ನಿನಲ್ಲಿ ನಡೆದ ಸಾರ್ವಜನಿಕ ಆರೋಗ್ಯ ಸಮ್ಮೇಳನದ ಪ್ರಬಂಧದಲ್ಲಿ ಬಳಸಿ ಪ್ರಚಾರಕ್ಕೆ ತಂದವರೆಂದು ವೈದ್ಯ ಹೆನ್ರಿ ಆಂತ್ವಾನ್ ದೆ ವ್ಯೂ ಅವರ ಹೆಸರನ್ನು ಹೇಳುತ್ತಾರೆ. ಕಲ್ಲಿದ್ದಲಿನ ಹೊಗೆ ಚಳಿಗಾಲದ ಮಂಜಿನೊಡನೆ ಸೇರಿ ಹಳದಿಗಟ್ಟುತ್ತಿದ್ದುದನ್ನು ಲಂಡನ್ನಿನ ಜನ ಬಟಾಣಿ ಗಂಜಿಗೆ ಹೋಲಿಸಿ ‘ಪೀ-ಸೂಪರ್’ ಎನ್ನುತ್ತಿದ್ದರು. 1952ರ ಡಿಸೆಂಬರ್ 5ರಿಂದ 9ರವರೆಗೆ ಆ ನಗರವನ್ನು ಕವಿದ ಸ್ಮಾಗ್ ಸುಮಾರು 4000 ಜನರನ್ನು ಬಲಿ ತೆಗೆದುಕೊಂಡಿತೆಂದು ಮೊದಲು ಅಂದಾಜಾಗಿತ್ತು. ನಂತರದ ಅಧ್ಯಯನಗಳು ಆ ಸಂಖ್ಯೆ 12,000ದಷ್ಟಿರಬಹುದೆಂದವು. 1956ರ ಶುದ್ಧ ಗಾಳಿ ಕಾಯ್ದೆ ಆ ಸಾವುಗಳ ನಂತರ ಬಂತು. ಇಂತಹ ಹಿನ್ನೆಲೆಯಿರುವ ಪದವನ್ನು ಬೆಂಗಳೂರಿನ ಜನವರಿಯ ಮುಂಜಾವಿನ ಸೊಗಸನ್ನು ಹೇಳಲು ಬಳಸಿದ್ದನ್ನು ಕಂಡಾಗ ನನಗೆ ನೋವಾಗುತ್ತದೆ. ಸ್ಮಾಗ್‌ನಲ್ಲಿ ರೋಗವಿದೆ, ದೂರು ಇದೆ.

ಲಾಸ್ ಏಂಜಲೀಸಿನ ಸ್ಮಾಗ್‌ನಲ್ಲಾದರೋ ಮಂಜಿನ ಪಾತ್ರವೇ ಇಲ್ಲ. ವಾಹನಗಳ ಹೊಗೆಯ ಮೇಲೆ ಬಿಸಿಲು ಬಿದ್ದು ಹುಟ್ಟುವ ಓಜೋನ್ ಮೊದಲಾದ ರಾಸಾಯನಿಕಗಳ ಮಬ್ಬು ಅದು. ದೆಹಲಿಯ ವಿಷಯದಲ್ಲಿ ತಿಂಗಳನ್ನು ನೋಡಿ ಪದವನ್ನು ಆರಿಸುವುದು ಒಳ್ಳೆಯದು. ನವೆಂಬರಿನಲ್ಲಿ ಕೂಳೆ ಸುಟ್ಟ ಹೊಗೆಯೂ ನಗರದ ಹೊಗೆಯೂ ಸೇರಿ ಕವಿಯುವುದು ಸ್ಮಾಗ್. ಡಿಸೆಂಬರ್ ಕೊನೆಯಿಂದ ಜನವರಿಯವರೆಗೆ ಗಂಗಾ ಬಯಲಿನುದ್ದಕ್ಕೂ ಹಾಸಿಕೊಂಡು ರೈಲುಗಳನ್ನು ಗಂಟೆಗಟ್ಟಲೆ ತಡಮಾಡುವುದು ಫಾಗ್. ಅದರಲ್ಲಿ ಮಲಿನ ಕಣಗಳಿದ್ದರೂ ಕಣ್ಣಿಗೆ ಅಡ್ಡವಾಗುವುದು ಮುಖ್ಯವಾಗಿ ನೀರಿನ ಹನಿಯೇ.

ಎಲ್ಲಿ ನಿಂತು ನೋಡುತ್ತಿದ್ದೀರಿ?

ಮುಂಗಾರಿನಲ್ಲಿ ಆಗುಂಬೆಯ ಘಾಟಿಯನ್ನು ಕೆಳಗಿನಿಂದ ನೋಡುವವರಿಗೆ ಬೆಟ್ಟದ ತಲೆಗೆ ಮೋಡ ಕುಳಿತಂತೆ ಕಾಣುತ್ತದೆ. ಅದೇ ಹೊತ್ತಿನಲ್ಲಿ ಮೇಲೆ ನಿಂತವರಿಗೆ ಪಕ್ಕದ ಅಂಗಡಿಯೂ ಕಾಣದು. ಕೆಳಗಿನವರು ‘ಕ್ಲೌಡ್’ ಎಂದು ಬರೆಯಬೇಕು, ಮೇಲಿನವರು ‘ಫಾಗ್’ ಎಂದು ಬರೆಯಬೇಕು. ವಸ್ತು ಒಂದೇ ಆದರೂ ಎರಡೂ ಸರಿ. ಸಮುದ್ರದ ಕಡೆಯಿಂದ ಬಂದ ತೇವದ ಗಾಳಿ ಇಳಿಜಾರನ್ನು ಹತ್ತುತ್ತಾ ತಣಿದು ಹೀಗಾಗುವುದನ್ನು ಹವಾಮಾನ ಶಾಸ್ತ್ರದವರು ‘ಅಪ್‌ಸ್ಲೋಪ್ ಫಾಗ್’ ಎನ್ನುತ್ತಾರೆ. 1478 ಮೀಟರ್ ಎತ್ತರದ ನಂದಿಬೆಟ್ಟಕ್ಕೆ ಚಳಿಗಾಲದ ನಸುಕಿನಲ್ಲಿ ಹೋದವರು ಕಾಣುವುದು ಇದರ ಮಗ್ಗುಲು ಬದಲಿಸಿದ ರೂಪ. ಅಲ್ಲಿ ನೋಡುವವರು ಮೇಲೆ, ಬಿಳಿಯ ಹಾಸು ಕೆಳಗೆ. ಪ್ರವಾಸಿ ಬರಹದಲ್ಲಿ ಅದಕ್ಕೆ ‘ಸೀ ಆಫ್ ಕ್ಲೌಡ್ಸ್’ ಒಪ್ಪುತ್ತದೆ. ರಾತ್ರಿ ನೆಲದ ಶಾಖ ಬಿಟ್ಟುಹೋಗಿ ತಗ್ಗಿನಲ್ಲಿ ನಿಂತ ಮಂಜೆಂಬುದು ಗೊತ್ತಿದ್ದರೆ ‘ವ್ಯಾಲಿ ಫಾಗ್’ ಎಂದರೆ ಹೆಚ್ಚು ನಿಖರವಾಗುತ್ತದೆ. ಅದೇ ಬೆಳಗಿನಲ್ಲಿ ಕೆಳಗಿನ ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಕಾದು ಕುಳಿತ ಪ್ರಯಾಣಿಕರಿಗೆ ಅದು ಫಾಗ್ ಅಲ್ಲದೆ ಬೇರೇನೂ ಆಗಲಾರದು.

ಕೆರೆಯ ಮೇಲೆ ಮುಂಜಾನೆ ಎಳೆ ಎಳೆಯಾಗಿ ಏಳುವುದನ್ನು ಶಾಸ್ತ್ರ ‘ಸ್ಟೀಮ್ ಫಾಗ್’ ಎಂದು ಕರೆದರೂ ಬರಹದಲ್ಲಿ ‘ಮಿಸ್ಟ್ ರೈಸಿಂಗ್ ಆಫ್ ದ ಲೇಕ್’ ಎನ್ನುವುದೇ ವಾಡಿಕೆ. ಜೋಗದಲ್ಲಿ 253 ಮೀಟರ್ ಕೆಳಗೆ ಬಿದ್ದ ನೀರು ಪುಡಿಯಾಗಿ ಮೇಲೇರುವುದಕ್ಕೆ ‘ಸ್ಪ್ರೇ’ ಮತ್ತು ‘ಮಿಸ್ಟ್’ ಎರಡೂ ಇವೆ. ಮೈ ನೆನೆಸುವಷ್ಟು ದಪ್ಪ ಹನಿಯಿದ್ದರೆ ಸ್ಪ್ರೇ, ಕಣಿವೆಯನ್ನು ಮುಚ್ಚುವ ಮುಸುಕಾಗಿದ್ದರೆ ಮಿಸ್ಟ್. ನಯಾಗರಾ ಜಲಪಾತದಡಿ ಪ್ರವಾಸಿಗರನ್ನು ಒಯ್ಯುವ ದೋಣಿಗಳ ಹೆಸರು ‘ಮೇಡ್ ಆಫ್ ದ ಮಿಸ್ಟ್’ ಎಂದಿರುವುದರಿಂದ ಜಲಪಾತದ ಬಗ್ಗೆ ಈ ಪದ ಇಂಗ್ಲಿಷ್ ಓದುಗರ ಕಿವಿಗೆ ಸಹಜವಾಗಿಯೇ ಕೇಳುತ್ತದೆ. ‘ವೇಪರ್’ ಎಂಬ ಪದವನ್ನು ಮಾತ್ರ ಇಲ್ಲೆಲ್ಲೂ ತರಬೇಡಿ. ನೀರಾವಿ ಕಣ್ಣಿಗೆ ಕಾಣುವುದಿಲ್ಲ. ಕುದಿಯುವ ಪಾತ್ರೆಯ ಮೂತಿಯಿಂದ ಸ್ವಲ್ಪ ದೂರದಲ್ಲಿ ಬೆಳ್ಳಗೆ ಕಾಣುವುದು ಆವಿಯಲ್ಲ, ಆಗಲೇ ಹನಿಯಾಗಿ ಮಾರ್ಪಟ್ಟ ನೀರು.

ಇಬ್ಬನಿಗೆ ‘ಡ್ಯೂ’ ಎಂಬ ಒಂದೇ ಪದ ಸಾಕು. ಅದು ತೇಲುವುದಿಲ್ಲ, ಹುಲ್ಲಿನ ಮೇಲೆ, ಎಲೆಯ ಮೇಲೆ, ಜೇಡರ ಬಲೆಯ ಮೇಲೆ ಕೂರುತ್ತದೆ. ಚಳಿ ಹೆಚ್ಚಿ ನೀರಾವಿ ನೇರವಾಗಿ ಹರಳಾಗಿ ಕೂತರೆ ಅದಕ್ಕೆ ‘ಫ್ರಾಸ್ಟ್’ ಎನ್ನುತ್ತಾರೆ. ಸ್ನೋ ಆಕಾಶದ ಮೋಡದಿಂದ ಹರಳಾಗಿ ಬೀಳುವ ಹಿಮಕ್ಕೆ ಮಾತ್ರ ಸಲ್ಲುತ್ತದೆ.

ಊರಿನ ಹೆಸರು ಹೊತ್ತ ಪದಗಳು

ಇಂಗ್ಲಿಷ್ ಕಾದಂಬರಿಗಳನ್ನು ಓದುವಾಗ ಸಿಗುವ ಕೆಲವು ಪದಗಳು ಆಕರ್ಷಕವಾಗಿವೆಯೆಂದು ನಮ್ಮ ಬರಹದಲ್ಲಿ ತಂದುಬಿಡುವ ಆಸೆಯಾಗುತ್ತದೆ. ‘ಹಾರ್’ ಎಂಬುದು ಸ್ಕಾಟ್ಲೆಂಡಿನ ಪೂರ್ವ ತೀರಕ್ಕೆ ಉತ್ತರ ಸಮುದ್ರದಿಂದ ನುಗ್ಗುವ ತಣ್ಣನೆಯ ಮಂಜು. ಅದನ್ನೇ ಇಂಗ್ಲೆಂಡಿನ ಈಶಾನ್ಯ ತೀರದವರು ‘ಫ್ರೆಟ್’ ಎನ್ನುತ್ತಾರೆ. ಬೆಚ್ಚಗಿನ ಗಾಳಿ ತಣ್ಣೀರಿನ ಸಮುದ್ರದ ಮೇಲೆ ಹಾದು ಬರುವುದರಿಂದ ಅದು ಉಂಟಾಗುತ್ತದೆ. ಮಂಗಳೂರಿನ ಸಮುದ್ರ ವರ್ಷವಿಡೀ ಬೆಚ್ಚಗಿರುವುದರಿಂದ ನಮ್ಮ ಕರಾವಳಿಗೆ ಆ ಪದ ಒಪ್ಪದು. ‘ಟೂಲೀ ಫಾಗ್’ ಕ್ಯಾಲಿಫೋರ್ನಿಯಾದ ನಡುಗಣಿವೆಯ ಚಳಿಗಾಲದ ಮಂಜಿಗೆ ಮೀಸಲಾದದ್ದು. ‘ಬ್ರೂಮ್’ ಇಂಗ್ಲಿಷಿನಲ್ಲಿ ಕಾವ್ಯದ ಹೊರಗೆ ಕಾಣಿಸುವುದೇ ಅಪರೂಪ.

ಇವುಗಳಲ್ಲಿ ನಮಗೆ ನಿಜವಾಗಿ ಬೇಕಾಗುವುದು ‘ಮಿಜಲ್’. ಇಂಗ್ಲೆಂಡಿನ ನೈರುತ್ಯ ಮೂಲೆಯ ಡೆವನ್, ಕಾರ್ನ್‌ವಾಲ್ ಕಡೆಯವರು ಮಂಜಿನಷ್ಟು ಸಣ್ಣದಾದ ಸೋನೆಯನ್ನು ಹೀಗೆನ್ನುತ್ತಾರೆ. ಇದು ಮಿಸ್ಟ್ ಮತ್ತು ಡ್ರಿಜಲ್ ಪದಗಳ ಕೂಡಿಕೆಯೆಂದು ಹಲವರು ಭಾವಿಸಿದ್ದಾರಾದರೂ, ಅದು ಮಧ್ಯಕಾಲೀನ ಇಂಗ್ಲಿಷಿನಲ್ಲಿಯೇ ಇದ್ದ ಸ್ವತಂತ್ರ ಪದ. ಆಗಸ್ಟಿನ ಕೊಡಗಿನಲ್ಲಿ ಕೊಡೆ ಬಿಚ್ಚಬೇಕೋ ಬೇಡವೋ ತಿಳಿಯದೆ ನಡೆಯುತ್ತಿರುವಾಗ ತಲೆಗೂದಲು ಬೆಳ್ಳಗಾಗಿ ಹನಿ ಕಟ್ಟುವ ಮಳೆಗೆ ಇದಕ್ಕಿಂತ ತಕ್ಕ ಮಾತು ಇಂಗ್ಲಿಷಿನಲ್ಲಿಲ್ಲ. ಅದೇ ಅರ್ಥದ ‘ಸ್ಕಾಚ್ ಮಿಸ್ಟ್’ ಎಂಬುದೂ ಇದೆ. ಆದರೆ ಅದರಲ್ಲಿ ಊರಿನ ಹೆಸರು ಎದ್ದು ಕಾಣುವುದರಿಂದ ಮಡಿಕೇರಿಯ ವರ್ಣನೆಯಲ್ಲಿ ಅದು ಅಡ್ಡ ನಿಂತಂತಾಗುತ್ತದೆ.

ಕ್ರಿಯಾಪದದ ಆಯ್ಕೆ

ನಾಮಪದ ಸರಿಯಿದ್ದೂ ಕ್ರಿಯಾಪದದಲ್ಲಿ ಕನ್ನಡ ಇಣುಕುವುದುಂಟು. ನಮ್ಮ ಮಂಜು ಬೀಳುತ್ತದೆ, ಕವಿಯುತ್ತದೆ, ಮುಸುಕುತ್ತದೆ, ಕರಗುತ್ತದೆ. ಇಂಗ್ಲಿಷಿನಲ್ಲಿ ಫಾಗ್ ಸಮುದ್ರದಿಂದ ‘ರೋಲ್ಸ್ ಇನ್’, ಬೆಟ್ಟದ ಮೇಲಿಂದ ‘ಕಮ್ಸ್ ಡೌನ್’, ಕಣಿವೆಯಲ್ಲಿ ‘ಹ್ಯಾಂಗ್ಸ್’. ಮಿಸ್ಟ್ ‘ಡ್ರಿಫ್ಟ್ಸ್’ ಅಥವಾ ‘ರೈಸಸ್’, ಕೆಲವೊಮ್ಮೆ ಅದೂ ‘ಹ್ಯಾಂಗ್ಸ್’. ‘ಮಂಜು ಕರಗಿತು’ ಎಂಬುದನ್ನು ‘ಮೆಲ್ಟೆಡ್’ ಎಂದಷ್ಟೇ ಬರೆದರೆ ಓದುಗರ ಕಣ್ಣ ಮುಂದೆ ಮಂಜುಗಡ್ಡೆ ಬರುತ್ತದೆ; ಮಂಜು ತೆರವಾದಾಗ ‘ಲಿಫ್ಟೆಡ್’ ಅಥವಾ ‘ಕ್ಲಿಯರ್ಡ್’, ಬಿಸಿಲೇರಿ ಆರಿಹೋದಾಗ ‘ಬರ್ನ್ಡ್ ಆಫ್’ ಎನ್ನಬೇಕು. ವಿಶೇಷಣಗಳಲ್ಲಿಯೂ ಒಂದು ಕಟ್ಟಿದೆ. ‘ತಿಕ್’, ‘ಡೆನ್ಸ್’, ‘ಪ್ಯಾಚಿ’ ಇವು ಫಾಗ್‌ನೊಡನೆ ಹೆಚ್ಚು ಹೊಂದುತ್ತವೆ. ‘ತಿನ್’, ‘ಫೈನ್’, ‘ವಿಸ್ಪಿ’ ಎಂಬುವು ಮಿಸ್ಟ್‌ನೊಡನೆ. ಫಾಗ್‌ಗೆ ‘ಬ್ಲ್ಯಾಂಕೆಟ್’ ಎಂದೂ ಮಿಸ್ಟ್‌ಗೆ ‘ವೇಲ್’ ಎಂದೂ ಹೇಳುವುದು ರೂಢಿ: ಒಂದು ಕಂಬಳಿ, ಇನ್ನೊಂದು ತೆಳು ಮುಸುಕು.

ನನ್ನ ತಂಗಿಯ ಮಗಳಿಗೆ ಇಷ್ಟೆಲ್ಲವನ್ನೂ ಹೇಳಿ, ‘ಸ್ನೋ’ ಹೊಡೆದುಹಾಕಿ ‘ಮಿಸ್ಟ್’ ಬರೆಸಿ, ‘ಫಾಲಿಂಗ್’ ಎಂಬುದನ್ನೂ ತೆಗೆದು ‘ಹ್ಯಾಂಗಿಂಗ್’ ಎಂದು ಬರೆಸಿದೆ. ಅವಳು ಅದನ್ನು ಓದಿಕೊಂಡು, ಸ್ವಲ್ಪ ಹೊತ್ತು ಸುಮ್ಮನಿದ್ದು, “ಆದ್ರೆ ದೊಡ್ಡಮ್ಮ, ಬೀಳೋದು ಕೇಳ್ಸುತ್ತಲ್ಲ?” ಎಂದಳು. ಮರುದಿನ ಆರು ಗಂಟೆಗೆ ನನ್ನನ್ನು ಎಬ್ಬಿಸಿ ಹಿತ್ತಲಿಗೆ ಕರೆದೊಯ್ದಳು. ಆಕಾಶದಲ್ಲಿ ಮಳೆಯಿರಲಿಲ್ಲ. ಎತ್ತರದ ಸಿಲ್ವರ್ ಓಕ್ ಮರಗಳ ತುದಿ ಬಿಳುಪಿನಲ್ಲಿ ಮುಳುಗಿತ್ತು; ಅವುಗಳ ಎಲೆಗಳಿಂದ ಕಾಫಿ ಗಿಡಗಳ ಮೇಲೆ, ಕೊಟ್ಟಿಗೆಯ ತಗಡಿನ ಮೇಲೆ ಟಪ್, ಟಪ್ ಎಂದು ಹನಿ ಬೀಳುತ್ತಲೇ ಇತ್ತು. ತಗಡಿನ ಅಂಚಿನ ಕೆಳಗಿನ ಮಣ್ಣಿನಲ್ಲಿ ಸಾಲಾಗಿ ಪುಟ್ಟ ಗುಳಿಗಳಾಗಿದ್ದವು.

ತೇಲುವ ಮಂಜು ಎಲೆಗಳಿಗೆ ತಗುಲಿ, ಹನಿಗೂಡಿ, ತೂಕ ತಾಳಲಾರದೆ ಕೆಳಗೆ ಬೀಳುವ ಈ ಕ್ರಿಯೆಗೆ ಇಂಗ್ಲಿಷಿನಲ್ಲಿ ‘ಫಾಗ್ ಡ್ರಿಪ್’ ಎಂಬ ಪದವಿದೆ. ಕ್ಯಾಲಿಫೋರ್ನಿಯಾದ ಕರಾವಳಿಯ ರೆಡ್‌ವುಡ್ ಮರಗಳು ಮಳೆಯಿಲ್ಲದ ಬೇಸಿಗೆಯನ್ನು ದಾಟುವುದರಲ್ಲಿ ಇದರ ಪಾಲು ದೊಡ್ಡದು. ಮರದ ಕೆಳಗೆ ಬದುಕುವವರ ಭಾಷೆಯಲ್ಲಿ ಮಂಜು ಬೀಳುತ್ತದೆ ಎಂಬ ಮಾತು ಏಕೆ ಇದೆಯೆಂಬುದು ಆ ಹಿತ್ತಲಿನಲ್ಲಿ ನಿಂತಾಗ ನನಗೆ ತಿಳಿಯಿತು. ಪ್ರಬಂಧದ ಮೊದಲ ಸಾಲನ್ನು ಅವಳೇ ಮೂರನೆಯ ಸಲ ಬರೆದಳು: ಮಿಸ್ಟ್ ಮರಗಳ ನಡುವೆ ‘ಹ್ಯಾಂಗ್’ ಆಗಿಯೇ ಉಳಿಯಿತು, ಅದರ ಮುಂದೆ ಎಲೆಗಳಿಂದ ತಗಡಿನ ಮೇಲೆ ‘ಡ್ರಿಪ್’ ಆಗುವ ಸದ್ದು ಸೇರಿತು.